ಪಂಪಿಲ್ಲದ ಸಾಧನೆ

ರಸಾಯನ ಎಂಜಿನಿಯರಿಂಗ್ ವಿಭಾಗದ ಸುದ್ದಿಪತ್ರ ಆ ತಿಂಗಳು ಬಣ್ಣದಲ್ಲಿ ಅಚ್ಚಾಯಿತು. ಮೊದಲ ಪುಟದಲ್ಲಿ ಪ್ರಯೋಗಾಲಯದ ಪ್ರೊಫೆಸರ್ ನಗುತ್ತಿದ್ದರು. ಕೈಯಲ್ಲಿ ಗಾಜಿನ ಟ್ರೋಫಿ ಇತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ಹೀಗಿತ್ತು: 'ವಿದ್ಯುತ್ ಬಳಸದೆ ತಂಪುನೀರಿನ ಪೂರೈಕೆ. ನಮ್ಮ ಪ್ರಯೋಗಾಲಯದ ಹೆಮ್ಮೆಯ ಸಾಧನೆ.'

ಸುದ್ದಿ ಸುಳ್ಳಲ್ಲ. ವಿದ್ಯುತ್ ಬಳಸಿರಲಿಲ್ಲ. ಅತ್ತಿಗೆ, ನಾದಿನಿಯರನ್ನು ಬಳಸಿದ್ದರು.

ಇಬ್ಬರೂ ಆ ಕಟ್ಟಡದ ಕಸ ಗುಡಿಸುವವರು. ಗುತ್ತಿಗೆಯ ಕೆಲಸ. ಅತ್ತಿಗೆಗೆ ಐವತ್ತು ದಾಟಿದೆ. ಮಾತು ಕಡಿಮೆ. ಆ ಕೊರತೆಯನ್ನು ನಾದಿನಿ ಬಡ್ಡಿ ಸಮೇತ ತುಂಬಿಕೊಡುತ್ತಾಳೆ. ನೆಲ ಒರೆಸುವುದು, ಗಾಜಿನ ಸಾಮಾನು ತೊಳೆಯುವುದು, ಕಕ್ಕಸು ತೊಳೆಯುವುದು. ಮೊದಲು ಇಷ್ಟೇ ಇತ್ತು. ನೀರು ಹೊರುವುದು ಆಮೇಲೆ ಸೇರಿದ್ದು.

ಪ್ರಯೋಗಾಲಯದಲ್ಲಿ ಎರಡು ಅಂತಸ್ತು ಎತ್ತರದ ಗಾಜಿನ ಕಾಲಮ್ಮು ಇದೆ. ಬುಡದಲ್ಲಿ ದ್ರವ ಕುದಿಸುತ್ತಾರೆ. ಆವಿ ಮೇಲೇರುತ್ತದೆ. ತುದಿಯಲ್ಲಿ ತಣ್ಣೀರು ಹರಿಯುವ ಕೊಳವೆಗೆ ತಾಗಿ ಮತ್ತೆ ದ್ರವವಾಗಿ ಇಳಿಯುತ್ತದೆ. ಆ ತಣ್ಣೀರು ತಾರಸಿಯ ಟ್ಯಾಂಕಿನಿಂದ ಬರಬೇಕು. ಅಂಗಳದ ಸಂಪಿನಿಂದ ಟ್ಯಾಂಕಿಗೆ ನೀರು ಏರಿಸುತ್ತಿದ್ದ ಪಂಪು ಒಂದು ದಿನ ಸುಟ್ಟುಹೋಯಿತು. ವಿಭಾಗದ ಮುಖ್ಯಸ್ಥರು ಇಬ್ಬರನ್ನೂ ಕರೆದರು.

"ಹೊಸ ಪಂಪ್ ಬರೋ ತನಕ ಅಷ್ಟೇ ಅಮ್ಮ. ಸಂಪಿಂದ ಮೇಲಕ್ಕೆ ನೀರು ಹಾಕ್ಬಿಡಿ. ಮಕ್ಕಳ ಪ್ರಾಕ್ಟಿಕಲ್ಸ್ ನಿಂತುಹೋಗತ್ತೆ."

"ಲಿಫ್ಟಲ್ಲಿ ತಗೊಂಡು ಹೋಗಬಹುದಾ ಸರ್?" ಎಂದು ನಾದಿನಿ ಕೇಳಿದಳು.

"ಲಿಫ್ಟಲ್ಲಿ ನೀರು ಚೆಲ್ಲತ್ತೆ. ಅದು ಪ್ರಾಧ್ಯಾಪಕರು ಓಡಾಡೋದು."

"ಅವರು ಟೀ ಚೆಲ್ಲಿದ್ದನ್ನ ನಾನೇ ಅಲ್ವಾ ಸರ್ ಒರೆಸೋದು."

ಮುಖ್ಯಸ್ಥರು ಫೋನು ಕಿವಿಗಿಟ್ಟುಕೊಂಡರು. ಫೋನು ಬಂದಿರಲಿಲ್ಲ.

ನೀರು ಹೊರಲು ಆಸಿಡ್ ಬರುತ್ತಿದ್ದ ನೀಲಿ ಕ್ಯಾನುಗಳನ್ನು ಕೊಟ್ಟರು. ಎಷ್ಟು ತೊಳೆದರೂ ತಲೆಬುರುಡೆಯ ಚಿತ್ರ ಹೋಗಲಿಲ್ಲ. ಹಳೆ ಬಟ್ಟೆ ಮಡಚಿ ಹೆಗಲ ಮೇಲಿಟ್ಟು, ಅದರ ಮೇಲೆ ಕ್ಯಾನು ಇಟ್ಟು ಹತ್ತಬೇಕು. ಹಿಡಿಕೆ ಅಂಗೈಗೆ ಕೊರೆಯುತ್ತದೆ. ಮುಚ್ಚಳದಿಂದ ಸೋರಿದ ನೀರು ಬೆನ್ನಿನಗುಂಟ ಇಳಿದು ಸೊಂಟದಲ್ಲಿ ನಿಲ್ಲುತ್ತದೆ. ಎದುರಿಗೆ ಯಾರಾದರೂ ಇಳಿದು ಬಂದರೆ ಗೋಡೆಗೆ ಒತ್ತಿ ನಿಲ್ಲಬೇಕು. ಇಳಿಯುವವರು ಫೋನು ನೋಡಿಕೊಂಡೇ ಇಳಿಯುತ್ತಾರೆ. ಟ್ಯಾಂಕು ತುಂಬಿಸಿ ಬರುವಾಗ ತಾವು ಚೆಲ್ಲಿದ ನೀರನ್ನು ತಾವೇ ಒರೆಸಿಕೊಂಡು ಬರಬೇಕು. ಯಾರಾದರೂ ಜಾರಿ ಬಿದ್ದರೆ ಕಷ್ಟ. ನೀರು ಹೊರುವ ಇವರೇ ಜಾರಿ ಬಿದ್ದರೆ ಏನು ಎಂಬುದನ್ನು ಯಾರೂ ಹೇಳಿರಲಿಲ್ಲ.

ಅತ್ತಿಗೆಯ ಬಲ ಮಂಡಿ ಊದಿಕೊಂಡಿತು. ಮೊದಲು ಸಂಜೆ ಮಾತ್ರ ಊದುತ್ತಿತ್ತು. ಆಮೇಲೆ ಬೆಳಿಗ್ಗೆ ಏಳುವಾಗಲೇ ಊದಿರುತ್ತಿತ್ತು. ಸರಕಾರಿ ಆಸ್ಪತ್ರೆಯ ಡಾಕ್ಟರು ಒತ್ತಿ ನೋಡಿದರು.

"ಮೆಟ್ಟಿಲು ಹತ್ತೋದು ಬಿಡಿ. ಇಲ್ಲಾಂದ್ರೆ ಕೊನೆಗೆ ನಡೆಯೋದನ್ನೇ ಬಿಡಬೇಕಾಗತ್ತೆ."

"ಮೆಟ್ಟಿಲು ಬಿಟ್ರೆ ಕೆಲಸ ಬಿಟ್ಟ ಹಾಗೆ ಡಾಕ್ಟ್ರೇ," ಎಂದಳು ಅತ್ತಿಗೆ.

ಡಾಕ್ಟರು ನೋವಿನ ಮಾತ್ರೆ ಬರೆದುಕೊಟ್ಟರು.

ಅಷ್ಟರಲ್ಲಿ ಪಂಪು ಬಂತು. ರಟ್ಟಿನ ದೊಡ್ಡ ಡಬ್ಬ. ವರ್ಕ್‌ಶಾಪಿನ ಮೆಕ್ಯಾನಿಕ್ ಅದನ್ನು ತಳ್ಳುಗಾಡಿಯಲ್ಲಿ ತಂದು ಕಾರಿಡಾರಿನಲ್ಲಿ ಇಳಿಸಿದ. ಜೇಬಿನಲ್ಲಿ ಯಾವಾಗಲೂ ಸ್ಪ್ಯಾನರ್ ಇರುವುದರಿಂದ ಅವನನ್ನು ಎಲ್ಲರೂ ಸ್ಪ್ಯಾನರ್ ಎಂದೇ ಕರೆಯುತ್ತಾರೆ. ಹೆಂಡತಿಯೂ ಹಾಗೇ ಕರೆಯುತ್ತಾಳೆ ಎಂದು ನಾದಿನಿ ಹೇಳುತ್ತಾಳೆ.

"ಬಂತು ಅಕ್ಕ ನಿಮ್ಮ ಮಂಡಿಗೆ ಔಷಧಿ. ನಾಳೆ ಕೂರಿಸ್ತೀನಿ," ಎಂದ.

ಮಾರನೆಯ ದಿನ ಪ್ರೊಫೆಸರ್ ತಡೆದರು.

"ಈಗ ಬೇಡಪ್ಪ. ಪ್ರಯೋಗ ನಡೀತಾ ಇದೆ."

"ಯಾವ ಪ್ರಯೋಗ ಸರ್?"

"ಪಂಪಿಲ್ಲದೆ ನಡೆಸೋ ಪ್ರಯೋಗ."

ಪಂಪು ಸುಟ್ಟ ಮೇಲೆ ಕಾಲಮ್ಮಿನ ವಿದ್ಯುತ್ ಖರ್ಚು ಇಳಿದಿರುವುದನ್ನು ಪ್ರೊಫೆಸರ್ ಗಮನಿಸಿದ್ದರು. ಮೀಟರು ಸುಳ್ಳು ಹೇಳುವುದಿಲ್ಲ. ಅವರು ಅಂಕಿಗಳನ್ನು ಕೂಡಿಸಿ ಲೇಖನ ಬರೆದರು. ಲೇಖನ ಅಚ್ಚಾಯಿತು. ಸಮ್ಮೇಳನದಲ್ಲಿ ಟ್ರೋಫಿ ಬಂತು. ಟ್ರೋಫಿಯನ್ನು ಇಡಲು ಕಾರಿಡಾರಿನಲ್ಲಿ ಮೇಜು ಇರಲಿಲ್ಲ. ಪಂಪಿನ ಡಬ್ಬದ ಮೇಲೆ ಹಸಿರು ಬಟ್ಟೆ ಹಾಸಿ ಅದರ ಮೇಲಿಟ್ಟರು. ಸರಿಯಾದ ಎತ್ತರವಾಯಿತು.

ಪ್ರತಿ ಬೆಳಿಗ್ಗೆ ಅದರ ಧೂಳು ಒರೆಸುವ ಕೆಲಸವೂ ನಾದಿನಿಗೆ ಬಂತು.

ಟ್ರೋಫಿಯ ಹಿಂದೆ ಗೋಡೆಗೆ ದೊಡ್ಡ ಪೋಸ್ಟರು ಅಂಟಿಸಿದ್ದರು. ಕಾಲಮ್ಮಿನ ಚಿತ್ರ, ತಾರಸಿಯ ಟ್ಯಾಂಕು, ನೀಲಿ ಬಾಣಗಳು. ಸುತ್ತ ಕೆಂಪು ಬಣ್ಣದ ಚುಕ್ಕೆಗೆರೆ. ಒಂದು ದಿನ ನಾದಿನಿ ಬಟ್ಟೆ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದಾಗ ಪ್ರೊಫೆಸರ್ ಹಿಂದಿನಿಂದ ಬಂದರು. ಅವರು ಕೆಟ್ಟ ಮನುಷ್ಯರಲ್ಲ. ಯಾರು ಕೇಳಿದರೂ ವಿವರಿಸುತ್ತಾರೆ. ಕೇಳದಿದ್ದರೂ ವಿವರಿಸುತ್ತಾರೆ.

"ನೋಡಮ್ಮ, ಇದು ಟ್ಯಾಂಕ್. ನೀರು ತನ್ನ ಭಾರಕ್ಕೆ ತಾನೇ ಇಳಿಯತ್ತೆ. ಯಾವ ಶಕ್ತಿಯೂ ಬೇಡ."

"ಟ್ಯಾಂಕಿಗೆ ಹೇಗೆ ಬರತ್ತೆ ಸರ್?"

"ಅದು ನೀವು ಹಾಕ್ತೀರಲ್ಲ."

"ಮತ್ತೆ ನಾವೆಲ್ಲಿ ಸರ್ ಇದರಲ್ಲಿ?"

ಪ್ರೊಫೆಸರ್ ಬೆರಳಿನಿಂದ ಕೆಂಪು ಗೆರೆಯನ್ನು ಸವರಿದರು. "ಇದಕ್ಕೆ ವ್ಯವಸ್ಥೆಯ ಗಡಿ ಅಂತಾರೆ. ನಾವು ಎಂಜಿನಿಯರುಗಳು ಮೊದಲು ಒಂದು ಗಡಿ ಎಳ್ಕೋತೀವಿ. ಒಳಗಿರೋದನ್ನ ಮಾತ್ರ ಲೆಕ್ಕ ಹಾಕ್ತೀವಿ. ನೀವು ಗಡಿಯ ಆಚೆ ಇದ್ದೀರಿ."

"ಎಷ್ಟು ಆಚೆ ಸರ್?"

"ಆಚೆ ಅಂದ್ರೆ ಆಚೆ. ಎಷ್ಟು ಅನ್ನೋದು ಬರಲ್ಲ."

ನಾದಿನಿ ಇದನ್ನು ಮಧ್ಯಾಹ್ನ ಸಂಪಿನ ಕಟ್ಟೆಯ ಮೇಲೆ ಊಟಕ್ಕೆ ಕೂತಾಗ ಹಾವಭಾವ ಸಮೇತ ಮಾಡಿ ತೋರಿಸಿದಳು. ಸ್ಪ್ಯಾನರ್ ಅನ್ನ ನೆತ್ತಿಗೇರಿಸಿಕೊಂಡು ಕೆಮ್ಮಿದ. ಅತ್ತಿಗೆ ನಗಲಿಲ್ಲ. ಅವಳು ಮಂಡಿಯನ್ನು ಬಿಸಿಲಿಗೆ ಹಿಡಿದು ಕೂತಿದ್ದಳು.

"ಆ ಡಬ್ಬ ಬಿಚ್ಚೋದು ಯಾವಾಗ ಅಂತ ಕೇಳಿದ್ಯಾ?" ಎಂದಳು.

"ಕೇಳಿಲ್ಲ."

"ಅದನ್ನ ಬಿಟ್ಟು ಎಲ್ಲಾ ಕೇಳಿದ್ದೀಯ."

ಕೊನೆಗೆ ಅತ್ತಿಗೆಯೇ ಕೇಳಿದಳು. ಕೇಳುವ ಸಂದರ್ಭವನ್ನು ವಿಭಾಗವೇ ಒದಗಿಸಿಕೊಟ್ಟಿತು. ಪ್ರೊಫೆಸರರ ಸಾಧನೆಗೆ ದೊಡ್ಡ ಅನುದಾನ ಕೊಡುವ ಮೊದಲು ಕಣ್ಣಾರೆ ನೋಡಲು ಹೊರಗಿನಿಂದ ಒಂದು ಸಮಿತಿ ಬರುವುದಿತ್ತು. ಮುಖ್ಯಸ್ಥರು ತಮ್ಮ ಕೋಣೆಗೆ ಎಲ್ಲರನ್ನೂ ಕರೆದರು. ಪ್ರೊಫೆಸರ್ ಕೂತಿದ್ದರು. ಸುದ್ದಿಪತ್ರ ನೋಡಿಕೊಳ್ಳುವ ಕಿರಿಯ ಉಪನ್ಯಾಸಕಿ, ಅಂದರೆ ಎಲ್ಲರ ಬಾಯಲ್ಲಿ ಸುದ್ದಿ ಮೇಡಂ, ಕ್ಯಾಮೆರಾ ಹಿಡಿದು ಕೂತಿದ್ದರು. ಸ್ಪ್ಯಾನರ್ ಬಾಗಿಲಿಗೆ ಒರಗಿದ್ದ. ಅತ್ತಿಗೆ, ನಾದಿನಿ ನಿಂತಿದ್ದರು. ಕುರ್ಚಿಗಳು ಖಾಲಿ ಇದ್ದವು.

"ಅವತ್ತು ಕಾಲಮ್ಮು ಬೆಳಿಗ್ಗೆಯಿಂದ ಸಂಜೆವರೆಗೆ ಓಡಬೇಕು. ಹಿಂದಿನ ದಿನ ನೀವು ಟ್ಯಾಂಕು ಪೂರ್ತಿ ತುಂಬಿಸಿಡಿ. ಅದೂ ಸಾಲಲ್ಲ. ಅವತ್ತು ಪೂರ್ತಿ ನೀರು ಏರ್ತಾನೇ ಇರಬೇಕು," ಎಂದರು ಮುಖ್ಯಸ್ಥರು. "ಆದರೆ ಒಂದು ವಿಷಯ. ಮುಂದಿನ ಮೆಟ್ಟಿಲು ಬೇಡ. ಹಿಂದಿನ ಮೆಟ್ಟಿಲಿಂದ ಹೋಗಿ. ಸಮಿತಿಯವರ ಕಣ್ಣಿಗೆ ಬೀಳಬಾರದು."

ಹಿಂದಿನ ಮೆಟ್ಟಿಲು ಎಂದರೆ ಗೋಡೆಗೆ ಹೊರಗಿನಿಂದ ಸಿಕ್ಕಿಸಿದ ಕಬ್ಬಿಣದ ಸುರುಳಿ. ಬೆಂಕಿ ಬಿದ್ದಾಗ ಓಡಿಹೋಗಲು ಮಾಡಿದ್ದು. ಪಾದ ಅರ್ಧ ಮಾತ್ರ ಊರುತ್ತದೆ.

"ಕ್ಯಾನು ಹೊತ್ತುಕೊಂಡು ಅದರಲ್ಲಿ ತಿರುಗಕ್ಕಾಗಲ್ಲ ಸರ್," ಎಂದಳು ಅತ್ತಿಗೆ.

"ಒಂದಿನ ಅಡ್ಜಸ್ಟ್ ಮಾಡ್ಕೊಳ್ಳಿ ಅಮ್ಮ."

"ಆಮೇಲೆ ಡಬ್ಬ ಬಿಚ್ತೀರಾ?"

ಕೋಣೆಯಲ್ಲಿ ಎಲ್ಲರೂ ಅವಳತ್ತ ತಿರುಗಿದರು. ಅವಳ ದನಿಯನ್ನು ಹಲವರು ಮೊದಲ ಸಲ ಕೇಳುತ್ತಿದ್ದರು.

"ಯಾವ ಡಬ್ಬ?" ಎಂದರು ಪ್ರೊಫೆಸರ್.

"ನಿಮ್ಮ ಬಹುಮಾನ ಕೂತಿದೆಯಲ್ಲ, ಅದರ ಕೆಳಗಿಂದು."

"ಓ, ಅದಾ. ಇನ್ನೂ ಒಂದು ವರ್ಷದ ದತ್ತಾಂಶ ಬೇಕಮ್ಮ. ಈಗ ಪಂಪ್ ಹಾಕಿದ್ರೆ ಇಷ್ಟು ದಿನ ಮಾಡಿದ್ದೆಲ್ಲ ಹಾಳಾಗತ್ತೆ."

"ನನ್ನ ಕಾಲು ಹಾಳಾಗ್ತಿದೆ ಸರ್."

ಪ್ರೊಫೆಸರ್ ಮರುಗಿದರು. ನಿಜವಾಗಿಯೇ ಮರುಗಿದರು. "ಮಂಡಿಗೆ ಹಾಕೋ ಪಟ್ಟಿ ಬರತ್ತೆ, ಎಲಾಸ್ಟಿಕ್‌ದು. ಪ್ರಾಜೆಕ್ಟಿಂದ ಕೊಡಿಸೋಣ. ಇಬ್ಬರಿಗೂ."

"ನನಗೆ ಬೇಡ ಸರ್, ನನ್ನ ಮಂಡಿ ಇನ್ನೂ ನಿಮ್ಮ ಲೇಖನಕ್ಕೆ ಬಲಿಯಾಗಿಲ್ಲ," ಎಂದಳು ನಾದಿನಿ.

ಮುಖ್ಯಸ್ಥರು ಮೇಜು ಕುಟ್ಟಿದರು. "ಆಗಲ್ಲ ಅಂದ್ರೆ ಹೇಳಿಬಿಡಿ. ಗುತ್ತಿಗೆದಾರರಿಗೆ ಒಂದು ಫೋನ್ ಮಾಡಿದ್ರೆ ನಾಳೆ ಬೇರೆ ಇಬ್ಬರು ಬರ್ತಾರೆ."

ಸಭೆ ಮುಗಿಯಿತು.

ಸಂಜೆ ಬಸ್ ನಿಲ್ದಾಣದವರೆಗೆ ಅತ್ತಿಗೆ ನಾದಿನಿಯ ತೋಳು ಹಿಡಿದು ನಡೆದಳು. ಹಿಂದೆಂದೂ ಹಾಗೆ ಹಿಡಿದಿರಲಿಲ್ಲ. ನಾದಿನಿ ಇಬ್ಬರ ಊಟದ ಚೀಲವನ್ನೂ ತಾನೇ ಹಿಡಿದುಕೊಂಡಳು. ಅದೂ ಹಿಂದೆಂದೂ ಆಗಿರಲಿಲ್ಲ.

"ನಾನೊಬ್ಬಳೇ ಹೊರ್ತೀನಿ ಬಿಡು ಅತ್ತಿಗೆ. ನೀನು ಕೆಳಗೆ ತುಂಬಿಸಿಕೊಡು."

"ನಿನ್ನ ಮಂಡಿ ಹೋದ ಮೇಲೆ ಯಾರು ಹೊರ್ತಾರೆ? ನನ್ನ ಮಗಳನ್ನ ಕಳಿಸ್ಲಾ?"

"ಹೊರಲ್ಲ ಅಂದ್ರೆ ಕೆಲಸ ಹೋಗತ್ತೆ."

"ಹೊತ್ರೆ ಕಾಲು ಹೋಗತ್ತೆ. ಕಾಲಿದ್ರೆ ಇನ್ನೊಂದು ಕಡೆ ನಡಕೊಂಡಾದ್ರೂ ಹೋಗಬಹುದು."

"ಅಣ್ಣನಿಗೆ ಏನು ಹೇಳೋದು?"

"ನಿಮ್ಮಣ್ಣನಿಗೆ ಎಲ್ಲಾ ಆದ ಮೇಲೆ ಹೇಳೋಣ. ಮೊದಲೇ ಹೇಳಿದ್ರೆ ಯೋಚನೆ ಮಾಡ್ತಾರೆ."

ಬಸ್ಸಿನ ಮೆಟ್ಟಿಲು ಎತ್ತರವಿತ್ತು. ಅತ್ತಿಗೆ ಮಂಡಿಯನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟಳು.

ಸಮಿತಿ ಬರುವ ದಿನ ಇಬ್ಬರೂ ಎಂದಿಗಿಂತ ಮೊದಲೇ ಬಂದರು. ಕಾರಿಡಾರು ಹೊಳೆಯುವ ಹಾಗೆ ಒರೆಸಿದರು. ಗಾಜಿನ ಸಾಮಾನು ತೊಳೆದರು. ಟ್ರೋಫಿಯ ಧೂಳನ್ನೂ ತೆಗೆದರು. ತಮ್ಮ ಕೆಲಸದಲ್ಲಿ ಕೊರತೆ ಇತ್ತೆಂದು ಆಮೇಲೆ ಯಾರೂ ಹೇಳಬಾರದಲ್ಲ.

ಟ್ಯಾಂಕು ಮಾತ್ರ ತುಂಬಿರಲಿಲ್ಲ. ತಳದಲ್ಲಿ ಎರಡು ದಿನದ ಹಿಂದಿನ ನೀರು ಉಳಿದಿತ್ತು. ಅದನ್ನು ಮೇಲೆ ಹೋಗಿ ನೋಡಿದವರಿಲ್ಲ. ನೋಡಬೇಕಾದವರಿಗೆ ತಾರಸಿ ಹತ್ತುವ ಅಭ್ಯಾಸವಿರಲಿಲ್ಲ.

ಸಮಿತಿಯಲ್ಲಿ ಮೂವರಿದ್ದರು. ಅಧ್ಯಕ್ಷೆ ವಯಸ್ಸಾದ ಹೆಂಗಸು. ದಪ್ಪ ಕನ್ನಡಕ. ಹೊಗಳಿಕೆ ಕೇಳುವಾಗ ಆಕಳಿಸುವ ರೂಢಿ ಅವರಿಗಿತ್ತು. ಪ್ರೊಫೆಸರ್ ಅರ್ಧ ಗಂಟೆ ಮಾತಾಡಿದರು. ಆಮೇಲೆ ಕಾಲಮ್ಮು ಶುರುವಾಯಿತು. ಆವಿ ಏರಿತು. ತುದಿಯಲ್ಲಿ ಹನಿ ಕಟ್ಟಿತು. ಸುದ್ದಿ ಮೇಡಂ ಫೋಟೋ ಹೊಡೆದರು.

ಸ್ವಲ್ಪ ಹೊತ್ತಿಗೆ ಕೊಳವೆಯಲ್ಲಿ ಹರಿವು ಬತ್ತಿತು. ದಾರದಷ್ಟಾಯಿತು. ನಿಂತಿತು. ಸ್ಪ್ಯಾನರ್ ಹೀಟರಿನ ಗುಂಡಿ ಒತ್ತಿ ಆರಿಸಿದ.

"ಯಾಕಪ್ಪ ಆರಿಸಿದೆ?" ಎಂದರು ಪ್ರೊಫೆಸರ್.

"ನೀರು ನಿಂತಿದೆ ಸರ್. ಹೀಗೇ ಕುದಿಸಿದ್ರೆ ಆವಿ ರೂಮಿಗೆ ಬರತ್ತೆ. ಅತಿಥಿಗಳಿದ್ದಾರೆ."

ಮುಖ್ಯಸ್ಥರು ಮೆಟ್ಟಿಲು ಇಳಿದು ಓಡಿದರು.

ಇಬ್ಬರೂ ಓಡಿಹೋಗಿರಲಿಲ್ಲ. ಮುಂದಿನ ಮೆಟ್ಟಿಲಿನ ಬುಡದಲ್ಲಿ, ಖಾಲಿ ಕ್ಯಾನುಗಳನ್ನು ಬೋರಲು ಹಾಕಿ, ಅದರ ಮೇಲೆ ಕೂತಿದ್ದರು. ಮೆಟ್ಟಿಲಿಗೂ ಅವರಿಗೂ ನಡುವೆ ನೆಲದ ಮೇಲೆ ಸೀಮೆಸುಣ್ಣದಿಂದ ಚುಕ್ಕೆಗೆರೆ ಎಳೆದಿತ್ತು. ಗೆರೆ ಸೊಟ್ಟಗಿತ್ತು. ನಾದಿನಿಗೆ ಚಿತ್ರ ಬರೆದು ರೂಢಿಯಿಲ್ಲ.

"ಏನ್ರೀ ಇದು?"

"ಗಡಿ ಸರ್," ಎಂದಳು ನಾದಿನಿ. "ಪ್ರೊಫೆಸರ್ ಸರ್ ಹೇಳಿಕೊಟ್ಟಿದ್ದು. ನಾವು ಆಚೆಯವರು. ದಾಟಿ ಒಳಗೆ ಬಂದ್ರೆ ಅವರ ಲೆಕ್ಕ ಕೆಟ್ಟುಹೋಗತ್ತೆ."

"ತಮಾಷೆ ಮಾಡೋ ಸಮಯನಾ ಇದು? ನೀರು ಹಾಕಿ ಮೊದಲು."

"ಹಾಕಲ್ಲ," ಎಂದಳು ಅತ್ತಿಗೆ.

ಅಷ್ಟೇ ಹೇಳಿದಳು. ದನಿ ಏರಲಿಲ್ಲ. ಕೈ ಮಂಡಿಯ ಮೇಲಿತ್ತು. ಮುಖ್ಯಸ್ಥರು ಗುತ್ತಿಗೆದಾರನ ಹೆಸರು ಎತ್ತಿದರು. ಕೆಲಸದಿಂದ ತೆಗೆಯುವ ಮಾತು ಎತ್ತಿದರು. ಆಮೇಲೆ ದನಿ ತಗ್ಗಿಸಿ ಅಮ್ಮಾ ಎಂದರು, ತಾಯಿ ಎಂದರು. ಸಂಕಟ ಬಂದಾಗ ಎಲ್ಲರಿಗೂ ತಾಯಿ ನೆನಪಾಗುತ್ತಾಳೆ.

"ಡಬ್ಬ ಬಿಚ್ಚಿ," ಎಂದಳು ಅತ್ತಿಗೆ.

ಅಷ್ಟರಲ್ಲಿ ಮೇಲಿನಿಂದ ಹೆಜ್ಜೆ ಸಪ್ಪಳ ಕೇಳಿತು. ಅಧ್ಯಕ್ಷೆ ಇಳಿದು ಬರುತ್ತಿದ್ದರು. ಹಿಂದೆ ಪ್ರೊಫೆಸರ್, ಅವರ ಹಿಂದೆ ಸುದ್ದಿ ಮೇಡಂ, ಎಲ್ಲರಿಗಿಂತ ಹಿಂದೆ ಸ್ಪ್ಯಾನರ್.

"ನೀರು ಎಲ್ಲಿಂದ ಬರತ್ತೆ ಅಂತ ಕೇಳ್ದೆ. ಇವರು ಗುರುತ್ವ ಅಂದ್ರು. ಗುರುತ್ವ ಕೆಳಗೆ ಎಳೆಯತ್ತೆ, ಮೇಲೆ ಹಾಕೋದು ಯಾರು ಅಂತ ನೋಡೋಣ ಅಂತ ಬಂದೆ," ಎಂದರು ಅಧ್ಯಕ್ಷೆ. ಕ್ಯಾನು, ಗೆರೆ, ಇಬ್ಬರು ಹೆಂಗಸರು, ಒಂದೊಂದನ್ನೇ ನೋಡಿದರು. "ನೀವಾ?"

"ನಾವೇ ಮೇಡಂ. ನಿನ್ನೆ ಮೊನ್ನೆವರೆಗೂ," ಎಂದಳು ನಾದಿನಿ.

ಪ್ರೊಫೆಸರ್ ಗಂಟಲು ಸರಿಮಾಡಿಕೊಂಡರು. "ಲೇಖನದಲ್ಲಿ ಇದನ್ನ ಮುಚ್ಚಿಟ್ಟಿಲ್ಲ ಮೇಡಂ. ಟ್ಯಾಂಕ್ ತುಂಬಿಸೋದು ಗಡಿಯ ಹೊರಗಿನ ಕೆಲಸ. ಅದಕ್ಕೆ ಬೇಕಾದ ಶಕ್ತಿ ನಗಣ್ಯ."

"ನಗಣ್ಯ ಅಂದ್ರೆ ಏನು ಸರ್?" ಎಂದು ಅತ್ತಿಗೆ ಕೇಳಿದಳು.

"ಅಂದ್ರೆ... ಲೆಕ್ಕಕ್ಕೆ ತಗೊಳ್ಳದಷ್ಟು ಚಿಕ್ಕದು."

ಅತ್ತಿಗೆ ಎದ್ದಳು. ಏಳಲು ನಾದಿನಿಯ ಹೆಗಲು ಬೇಕಾಯಿತು. ತಾನು ಕೂತಿದ್ದ ಕ್ಯಾನನ್ನು ತಿರುಗಿಸಿ, ಅಂಗಳದ ಸಂಪಿನ ಪಕ್ಕದ ನಲ್ಲಿಗೆ ಹಿಡಿದು ಕಂಠದವರೆಗೆ ತುಂಬಿಸಿದಳು. ಮುಚ್ಚಳ ತಿರುಗಿಸಿದಳು. ಸ್ಪ್ಯಾನರ್ ಅದನ್ನು ತಂದು ಪ್ರೊಫೆಸರರ ಮುಂದಿಟ್ಟ.

"ಚಿಕ್ಕದು ಸರ್. ಒಂದೇ ಒಂದು ಹಾಕಿ ಬನ್ನಿ," ಎಂದಳು ಅತ್ತಿಗೆ.

ಪ್ರೊಫೆಸರ್ ಮುಖ್ಯಸ್ಥರನ್ನು ನೋಡಿದರು. ಮುಖ್ಯಸ್ಥರು ಅಂಗಳದಲ್ಲಿದ್ದ ಮರವನ್ನು ನೋಡಿದರು. ಅಧ್ಯಕ್ಷೆ ಆಕಳಿಸಲಿಲ್ಲ.

ಪ್ರೊಫೆಸರ್ ಕೋಟು ಬಿಚ್ಚಿದರು. ಕ್ಯಾನು ಎತ್ತಿ ಹೆಗಲಿಗೆ ಹಾಕಿಕೊಳ್ಳಲು ನೋಡಿದರು. ಅದು ಎದೆಯವರೆಗೆ ಬಂದು ನಿಂತಿತು. ನಾದಿನಿ ಹೆಗಲಿಗೆ ಬಟ್ಟೆ ಮಡಚಿ ಇಟ್ಟಳು, "ಸ್ವಲ್ಪ ಬಗ್ಗಿ ಸರ್, ಹಾಂ, ಹಾಗೆ," ಎಂದು ಕೂರಿಸಿಕೊಟ್ಟಳು. ಪ್ರೊಫೆಸರ್ ಹತ್ತತೊಡಗಿದರು. ಮೊದಲು ನೇರ ಹತ್ತಿದರು. ಆಮೇಲೆ ಮೆಟ್ಟಿಲಿನ ಕಂಬಿ ಹಿಡಿದರು. ಮೇಲಿನಿಂದ ವಿದ್ಯಾರ್ಥಿಗಳ ಗುಂಪೊಂದು ಇಳಿದು ಬಂತು. ಪ್ರೊಫೆಸರೇ ಗೋಡೆಗೆ ಸರಿದರು.

ಮೊದಲ ಅಂತಸ್ತಿನ ತಿರುವಿನಲ್ಲಿ ಹೆಜ್ಜೆ ಸಪ್ಪಳ ನಿಂತಿತು. ಕ್ಯಾನು ಇಳಿಸಿದ ಸದ್ದು ಬಂತು. ಮುಚ್ಚಳ ಕಳಚಿರಬೇಕು. ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುತ್ತಾ ಬಂದು ಕೆಳಗೆ ನಿಂತವರ ಪಾದ ಮುಟ್ಟಿತು.

"ಗುರುತ್ವ," ಎಂದ ಸ್ಪ್ಯಾನರ್.

ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುತ್ತಿದ್ದರೋ ಏನೋ, ಮುಖ ತೋರಿಸಲಿಲ್ಲ. ಆಮೇಲೆ ಮುಖ್ಯಸ್ಥರ ಕಡೆ ತಿರುಗಿ, "ಇವರು ಯಾವುದೋ ಡಬ್ಬ ಅಂತಿದ್ರಲ್ಲ, ಏನದು?" ಎಂದರು.

ಪ್ರೊಫೆಸರ್ ಇಳಿದು ಬರುವಷ್ಟರಲ್ಲಿ ಟ್ರೋಫಿ ನೆಲಕ್ಕಿಳಿದಿತ್ತು. ಹಸಿರು ಬಟ್ಟೆ ಮಡಚಿಯಾಗಿತ್ತು. ಪ್ರೊಫೆಸರರ ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ಏದುಸಿರು ಬಿಡುತ್ತಾ ಕೈ ಎತ್ತಿ ಏನೋ ಹೇಳಲು ಹೋದರು. ದತ್ತಾಂಶ ಎಂಬ ಒಂದು ಮಾತು ಮಾತ್ರ ಹೊರಬಂತು. ಸ್ಪ್ಯಾನರ್ ಅದಾಗಲೇ ಡಬ್ಬ ಸೀಳಿದ್ದ.

ಸಮಿತಿಯವರು ಊಟ ಮುಗಿಸಿ ಬರುವ ಹೊತ್ತಿಗೆ ಸಂಪಿನ ಪಕ್ಕ ಪಂಪು ಕೂತಿತ್ತು. ಗುಂಡಿ ಒತ್ತಿದಾಗ ಕೆಮ್ಮಿತು, ಗಾಳಿ ಉಗುಳಿತು, ಆಮೇಲೆ ಗುಂಯ್ ಎಂದು ಒಂದೇ ದನಿ ಹಿಡಿಯಿತು. ಕೊಳವೆ ತಣ್ಣಗಾಯಿತು. ಅತ್ತಿಗೆ ಅದರ ಮೇಲೆ ಅಂಗೈ ಇಟ್ಟು ನೀರು ಏರುವುದನ್ನು ಮುಟ್ಟಿ ನೋಡಿದಳು. ಬಹಳ ಹೊತ್ತು ಕೈ ತೆಗೆಯಲಿಲ್ಲ.

ಕೆಲಸದಿಂದ ತೆಗೆಯುವ ಮಾತು ಬಂದೇ ಬಂತು. ಗುತ್ತಿಗೆದಾರ ಬಂದು ಕೂಗಾಡಿದ. ನಾದಿನಿ ಅವನಿಗಿಂತ ಒಂದು ಸುತ್ತು ಜಾಸ್ತಿ ಕೂಗಾಡಿದಳು. ಸಮಿತಿಯ ವರದಿ ಬರುವ ತನಕ ಇವರನ್ನು ಮುಟ್ಟಬೇಡಿ ಎಂದು ಕೊನೆಗೆ ಮುಖ್ಯಸ್ಥರೇ ಹೇಳಿದರು. ಕರುಣೆಯಿಂದಲ್ಲ. ಭಯದಿಂದ. ಅದು ಇಬ್ಬರಿಗೂ ಗೊತ್ತಿತ್ತು, ಸಾಕಿತ್ತು.

ಮುಂದಿನ ವಾರ ಸುದ್ದಿ ಮೇಡಂ ಕ್ಯಾಮೆರಾ ಹಿಡಿದು ಅಂಗಳಕ್ಕೆ ಬಂದರು. ಸಂಚಿಕೆ ಸಿದ್ಧವಾಗುತ್ತಿತ್ತು. ಪ್ರೊಫೆಸರರ ಮಾರ್ಗದರ್ಶನದಲ್ಲಿ ಆಧುನಿಕ ಪಂಪ್ ಅಳವಡಿಕೆ ಎಂಬುದು ಈ ಸಲದ ಸಾಧನೆ. ಮೇಡಂ ಅದನ್ನು ಓದಿ ಹೇಳುವಾಗ ಅವರ ಮುಖವೇ ಕೆಂಪಗಾಯಿತು.

"ಪಂಪಿಗಿಂತ ಮೊದಲು ಹೇಗಿತ್ತು ಅಂತ ಒಂದು ಫೋಟೋ ಬೇಕಿತ್ತು ಅಕ್ಕ. ನೀವೂ ಪತ್ರಿಕೇಲಿ ಬಂದ ಹಾಗಾಗತ್ತೆ. ಕ್ಯಾನು ಹೆಗಲ ಮೇಲಿಟ್ಟುಕೊಂಡು ನಾಲ್ಕು ಮೆಟ್ಟಿಲು ಹತ್ತಿ, ಸಾಕು."

"ಹತ್ತಲ್ಲ," ಎಂದಳು ಅತ್ತಿಗೆ.

"ಖಾಲಿ ಕ್ಯಾನು ಅಕ್ಕ. ಭಾರನೇ ಇರಲ್ಲ."

"ಖಾಲಿನೂ ಹೊರಲ್ಲ."

ಅವಳು ಸಂಪಿನ ಕಟ್ಟೆಯ ಮೇಲೆ ಕೂತಿದ್ದಳು. ಬಲಗಾಲನ್ನು ಉದ್ದಕ್ಕೆ ಚಾಚಿದ್ದಳು. ನಾದಿನಿ ಅದಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಪಂಪು ಗುಂಯ್‌ಗುಡುತ್ತಿತ್ತು.

"ಹೀಗೇ ತೆಗೀರಿ ಮೇಡಂ. ಕೂತಿರೋ ಹಾಗೆ," ಎಂದಳು ಅತ್ತಿಗೆ.

ಮೇಡಂ ಕ್ಯಾಮೆರಾ ಎತ್ತಿ, ಇಳಿಸಿದರು. "ಸಾಧನೆಯ ಪುಟ ಅಕ್ಕ ಅದು. ಸುಮ್ನೆ ಕೂತಿರೋದು ಸಾಧನೆ ಆಗಲ್ವಲ್ಲ."

"ನಮಗೆ ಆಗತ್ತೆ," ಎಂದಳು ಅತ್ತಿಗೆ. ಎಡಗಾಲನ್ನೂ ಚಾಚಿದಳು.